ಮಲಗಿದ್ದ ಕೋಲನ್ನು ಎತ್ತಿ ನಿಲ್ಲಿಸಿದರು

ನಮ್ಮ ಮೇಷ್ಟ್ರಿಗೆ,

ಬೊಂಬೆ ಕಡೆಯುವ ಖಾದರನ ಸಲಾಮು. ನೀವು ಹೋಗಿ ವರ್ಷ ತುಂಬಿತು. ಇಲ್ಲದವರಿಗೆ ಕಾಗದವೇ ಎಂದು ಮನೆಯವಳು ನಗುತ್ತಿದ್ದಾಳೆ. ನಗಲಿ ಬಿಡಿ. ಈ ಹೊಟ್ಟೆಸಂಕಟವನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಶಾಲೆಯ ಅಂಗಳದಲ್ಲಿ ನೆರಳು ಗಡಿಯಾರದ ಕಲ್ಲು ಹಾಕಿಸಿದ ದಿನ ನೆನಪಿದೆಯೇ? ನನಗೂ ಶಾಮಣ್ಣನಿಗೂ ಆಗ ಮೀಸೆ ಚಿಗುರುವ ವಯಸ್ಸು. ಗಂಟೆಯ ಗೆರೆಗಳನ್ನು ನಿಮ್ಮ ಪಕ್ಕ ಕೂತು ಎಳೆದವನು ಅವನು. ಕೋಲಿನ ಕೆಲಸ ನನ್ನದು. ಹಾಲೆಮರ ಕಡೆದು, ಕೆಂಪು ಅರಗು ಹಚ್ಚಿ, ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೀಗುತ್ತಾ ನಿಂತೆ. ನೀವು ಹಣೆ ಹಣೆ ಚಚ್ಚಿಕೊಂಡಿರಿ. "ಲೋ ಖಾದರ್, ಇದೇನು ಬಾವುಟದ ಕಂಬವೇನೋ? ಬಿಸಿಲಿಗೆ ಅರಗು ನಿಲ್ತದೇನೋ? ಕೋಲು ಧ್ರುವ ನಕ್ಷತ್ರದ ಕಡೆ ಮುಖ ಮಾಡ್ಬೇಕು. ನಮ್ಮೂರಲ್ಲಿ ಅದು ನೆಲದಿಂದ ಒಸಿ ಮೇಲೆ ಕಾಣ್ತದೆ, ಅದಕ್ಕೇ ಕೋಲೂ ಮಲಗಿದ ಹಂಗಿರ್ಬೇಕು. ಇಂಗ್ಲೆಂಡಲ್ಲಿ ನಕ್ಷತ್ರ ಎತ್ತರ, ಅಲ್ಲಿ ಕೋಲೂ ಎತ್ತರ." ಆ ಓರೆ ಮರೆಯದಿರಲಿ ಎಂದು ಮರದ ಬೆಣೆಯೊಂದನ್ನು ಅಳೆದು ಕೊಟ್ಟಿರಿ. ಅಂದಿನಿಂದ ವರ್ಷಕ್ಕೊಮ್ಮೆ, ಬಿಸಿಲಿಗೆ ಸೊಟ್ಟಗಾದ ಕೋಲನ್ನು ಕಿತ್ತು, ಬೆಣೆ ಇಟ್ಟು ಹೊಸದನ್ನು ಕೂರಿಸುತ್ತಾ ಬಂದೆ.

ಹೋದ ತಿಂಗಳು ಶಾಮಣ್ಣ ಬಂದಿದ್ದ. ಈಗ ಬೆಂಗಳೂರಿನ ಪತ್ರಿಕೆಯೊಂದಕ್ಕೆ ಬರೆಯುತ್ತಾನೆ. "ಮೇಷ್ಟ್ರ ಗಡಿಯಾರದ ವಿಚಾರ ಬರೀತೀನಿ ಕಣ್ಲಾ" ಅಂದ. ಎಷ್ಟು ಹಿಗ್ಗಿದೆ ಗೊತ್ತೇ? ಮನೆಗೆ ಕರೆದು ಚಾ ಕೊಟ್ಟೆ. ಕೋಲು ಯಾಕೆ ಮಲಗಿದೆ ಎಂದು ನಿಮ್ಮ ಮಾತಿನಲ್ಲೇ ಒಪ್ಪಿಸಿದೆ. ಅವನು ತಲೆಯಾಡಿಸುತ್ತಾ ಬರೆದುಕೊಂಡ.

ಪತ್ರಿಕೆ ಬಂದ ಬೆಳಿಗ್ಗೆ ರೇಷ್ಮೆ ಅಂಗಡಿಯ ಮುಂದೆ ನಾಲ್ಕು ಜನ ಬಿದ್ದು ಬಿದ್ದು ನಗುತ್ತಿದ್ದರು. ಇಣುಕಿ ನೋಡಿದೆ. 'ಚನ್ನಪಟ್ಟಣದ ಬಿದ್ದ ಗಡಿಯಾರ' ಎಂದು ದಪ್ಪ ಅಕ್ಷರ. ಕೆಳಗೆ ಇಂಗ್ಲಿಷ್ ಪುಸ್ತಕದಿಂದ ಎತ್ತಿದ ಚಿತ್ರ, ಅದರಲ್ಲಿ ಕೋಲು ಎದ್ದು ನಿಂತಿದೆ. ನಮ್ಮ ಕೋಲು ಕುಸಿದು ಬಿದ್ದಿದೆಯಂತೆ. ಬೊಂಬೆಯವನು ಕಡೆದ ಆಟದ ಸಾಮಾನನ್ನು ತೋರಿಸಿ ಮೇಷ್ಟ್ರು ಮಕ್ಕಳಿಗೆ ಖಗೋಳ ಶಾಸ್ತ್ರ ಎಂದು ನಂಬಿಸಿದರಂತೆ! ನಗುತ್ತಿದ್ದವರು ಯಾರು ಬಲ್ಲಿರಾ? ನಾಲ್ವರೂ ನಿಮ್ಮ ಕೈಯಲ್ಲೇ ಅಕ್ಷರ ತಿದ್ದಿದವರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ರೈಲು ಹತ್ತಿ ಹೋಗಿ ಬೆಣೆಯನ್ನು ಅವನ ಮೇಜಿನ ಮೇಲೆ ಕುಕ್ಕಿದೆ. "ಇದು ಮರ್ತೋಯ್ತೇನ್ಲಾ?"

ಅವನು ತಲೆ ಎತ್ತಲಿಲ್ಲ. "ಮರ್ತಿಲ್ಲ ಕಣ್ಲಾ. ಎಲ್ಲಾ ಸರಿಯಾಗೈತೆ ಅಂತ ಬರದ್ರೆ ಯಾವನ್ ಓದ್ತಾನೆ? ಮೇಷ್ಟ್ರು ಹೋಗ್ಬುಟ್ರು. ಇನ್ನು ಅವರಿಗೇನು ನೋವಾಯ್ತದಾ?"

ತಿಳಿಯದೆ ಬರೆದಿದ್ದರೆ ಕಿವಿ ಹಿಂಡಿ ಬರುತ್ತಿದ್ದೆ ಮೇಷ್ಟ್ರೇ. ತಿಳಿದೂ ತಿಳಿದೂ... ನಿಮ್ಮ ಪಕ್ಕದಲ್ಲಿ ಕೂತು ಗೆರೆ ಎಳೆದ ಅದೇ ಕೈಯಿಂದ ಬರೆದುಬಿಟ್ಟ. ಬೆಣೆ ಎತ್ತಿಕೊಂಡು ಬಂದುಬಿಟ್ಟೆ.

ಊರಿಗೆ ಬಂದು ನೋಡಿದರೆ ಶಾಲೆಯವರು ಆ ಚಿತ್ರದಂತೆಯೇ ಕೋಲನ್ನು ಎತ್ತಿ ನಿಲ್ಲಿಸಿದ್ದಾರೆ. ಹೊಸ ಹೆಡ್‌ಮೇಷ್ಟ್ರು ಮಟಮಟ ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದರು. ನೆರಳು ಹನ್ನೆರಡರ ಗೆರೆಯ ಮೇಲೇ ಇತ್ತು. ಇಲ್ಲದೆ ಏನು? ಉತ್ತರಕ್ಕೆ ಮುಖ ಮಾಡಿದ ಕೋಲು ಮಲಗಿರಲಿ, ಎದ್ದಿರಲಿ, ನಡುಹಗಲಿನ ನೆರಳು ಅಲ್ಲೇ ಬೀಳುತ್ತದೆ ಎಂದು ನೀವೇ ತೋರಿಸಿರಲಿಲ್ಲವೇ? "ಬೆಳಿಗ್ಗೆ ಒಂಬತ್ತಕ್ಕೆ ನೋಡಿ ಸ್ವಾಮಿ, ಏಳರ ಹತ್ರ ತೋರಿಸ್ತದೆ" ಎಂದು ಅಂಗಲಾಚಿದೆ. "ಪತ್ರಿಕೇಲೇ ಬಂದಿದೆಯಲ್ಲಪ್ಪಾ, ಇನ್ನೇನು ನೋಡೋದು?" ಎಂದು ಒಳಗೆ ಹೋದರು. ಈ ವಾರ ಶಾಮಣ್ಣ ಮತ್ತೆ ಬರೆದಿದ್ದಾನೆ, ತನ್ನಿಂದ ಗಡಿಯಾರ ಸರಿಹೋಯಿತು ಎಂದು.

ನಿಮಗೆ ತಿಳಿಯದ ಸುದ್ದಿಯೊಂದಿದೆ. ನೀವು ತೀರಿಕೊಂಡ ಮೇಲೆ ನಾವು ಹಳೆಯ ಹುಡುಗರೆಲ್ಲ ಸೇರಿ ಆ ಕಲ್ಲಿನ ಅಂಚಿಗೆ ನಿಮ್ಮ ಹೆಸರು ಕೆತ್ತಿಸಿದ್ದೆವು. ಇವತ್ತು ಶಾಲೆ ಬಿಟ್ಟ ಮೇಲೆ ಉಳಿ, ಸುತ್ತಿಗೆ ಹಿಡಿದು ಹೋಗಿ ಒಂದೊಂದೇ ಅಕ್ಷರವನ್ನು ಒಡೆದು ತೆಗೆದೆ. ಅತ್ತುಬಿಟ್ಟೆ. ಬೈಯಬೇಡಿ ಮೇಷ್ಟ್ರೇ. ಆ ಕಲ್ಲು ಇನ್ನು ದಿನವೆಲ್ಲ ಸುಳ್ಳು ಹೇಳುತ್ತದೆ. ನಿಮ್ಮ ಹೆಸರಿನಲ್ಲಿ ಮಾತ್ರ ಹೇಳುವುದಿಲ್ಲ.