ಭಾವನ ಚರ್ಮದ ಹದಿನೇಳು ದಿನ

ಶುಕ್ರವಾರ, ಮಧ್ಯಾಹ್ನ
ಆಸ್ಪತ್ರೆಯ ಪ್ರಯೋಗಾಲಯದ ಮೆಟ್ಟಿಲು

ಅಕ್ಕಾ,

ನೀನು ಎರಡು ಮಹಡಿ ಮೇಲೆ ಭಾವನ ಮಂಚದ ಪಕ್ಕ ಕೂತಿದ್ದೀಯ, ನಾನು ಕೆಳಗೆ ಕೂತು ನಿನಗೆ ಕಾಗದ ಬರೆಯುತ್ತಿದ್ದೇನೆ. ಹತ್ತಿ ಬಂದು ಹೇಳಬಹುದಿತ್ತು. ಎರಡು ಸಲ ಬಾಗಿಲ ತನಕ ಬಂದೆ. ನೀನು ತಿರುಗುವಷ್ಟರಲ್ಲಿ ಇಳಿದುಬಿಟ್ಟೆ.

ಚರ್ಮ ಹೋಯಿತು ಅಕ್ಕಾ.

ಬಾಯ್ಲರ್ ಸಿಡಿದು ಭಾವನ ಬೆನ್ನು ಸುಟ್ಟ ಮರುದಿನ ಅವರ ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದರು. ಮೂರು ವಾರ ಬೆಳೆಸಿದರೆ ಬೆನ್ನಿಗೆಲ್ಲ ಹೊದಿಸುವಷ್ಟಾಗುತ್ತದೆ ಎಂದು ನಿನಗೆ ಹೇಳಿದವಳು ನಾನೇ. ದೊಡ್ಡ ಮೇಡಂ, "ಮನೆಯವರದ್ದನ್ನ ಮನೆಯವರೇ ಬೆಳೆಸ್ಬಾರ್ದು ಕಣೆ, ಬೇರೆಯವ್ರಿಗೆ ಬಿಡು" ಎಂದರು. ಕೇಳಲಿಲ್ಲ. ಶಾಖ ಒಂದೆರಡು ಡಿಗ್ರಿ ಇಳಿದರೆ ಜೀವಕೋಶಗಳ ಬೆಳವಣಿಗೆ ಎಷ್ಟು ಕುಂಟುತ್ತದೆ ಎಂದು ಎರಡು ವರ್ಷ ಪ್ರಯೋಗ ಮಾಡಿ ನಕ್ಷೆ ಬರೆದವಳು ನಾನು. ನನಗಿಂತ ಯಾರಿಗೆ ಗೊತ್ತು ಎಂಬ ಜಂಬ.

ಕೋಶ ಬೆಳೆಸುವ ಬೆಚ್ಚನೆ ಪೆಟ್ಟಿಗೆಯ ಬಾಗಿಲನ್ನು ಎರಡು ದಿನಕ್ಕೊಮ್ಮೆ ಮಾತ್ರ ತೆಗೆಯಬೇಕು. ತೆಗೆದಷ್ಟೂ ಸಲ ಶಾಖ ಇಳಿಯುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ. ನಾನೇ ಬರೆದು ಗೋಡೆಗೆ ಅಂಟಿಸಿದ ನಿಯಮ ಅದು. ನೀನು ಗಂಟೆಗೊಮ್ಮೆ ಫೋನ್ ಮಾಡಿ "ಬೆಳೀತಾ?" ಅನ್ನುತ್ತಿದ್ದೆ. ಹೂಂ ಅನ್ನುವ ಮುಂಚೆ ಒಮ್ಮೆ ನೋಡಿಬಿಡೋಣ ಅನ್ನಿಸುತ್ತಿತ್ತು. ನಿನ್ನ ತಪ್ಪಲ್ಲ, ನೀನು ಕೇಳದಾಗಲೂ ತೆಗೆದಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ, ಅಂಗಳಕ್ಕೆ ಕಲ್ಲು ಹಾಸಿದ ಹಾಗೆ, ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು ಅಕ್ಕಾ. ಭಾವ ಹುಷಾರಾಗುವುದನ್ನು ಕಣ್ಣಾರೆ ಕಂಡಂತಾಗುತ್ತಿತ್ತು. ನೋಡದೆ ಇರಲು ನನ್ನಿಂದಾಗಲಿಲ್ಲ. ಬಾಗಿಲು ತೆಗೆದದ್ದನ್ನೆಲ್ಲ ಪೆಟ್ಟಿಗೆಯೇ ಎಣಿಸಿಡುತ್ತದೆ. ನೂರ ಆರು ಸಲ.

ನಿನ್ನೆ, ಹದಿನೇಳನೆಯ ದಿನ, ತಟ್ಟೆಗಳಲ್ಲಿ ಕೋಶಗಳಿಗೆ ಉಣಿಸುವ ಗುಲಾಬಿ ದ್ರವ ಹಳದಿಯಾಗಿತ್ತು, ಕದಡಿತ್ತು. ಬೂಷ್ಟು. ಎಂಟಕ್ಕೆ ಎಂಟೂ. ನಾನೇ ಕೈಯಾರೆ ಬ್ಲೀಚ್ ಸುರಿದೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಇನ್ನೊಂದು ಚೂರು ತೆಗೆದುಕೊಡಿ, ಈ ಸಲ ಬೇರೆಯವರೇ ಬೆಳೆಸಲಿ ಎಂದು ಡಾಕ್ಟರನ್ನು ಅಂಗಲಾಚಿದೆ. "ಇನ್ನು ಮೂರು ವಾರ ಅವರ ಹತ್ರ ಇಲ್ಲಮ್ಮ" ಎಂದರು.

ಆಮೇಲೂ ನೀನು ಫೋನ್ ಮಾಡಿದೆ. ಬೆಳೀತಾ ಇದೆ ಅಂದೆ. ಅದೊಂದನ್ನು ಹೇಗೆ ಕ್ಷಮಿಸುತ್ತೀಯೋ ತಿಳಿಯದು.

ಮುಂದೇನು ಎಂದು ಕೇಳಬೇಡ. ಬೈಯಬೇಕು ಅನ್ನಿಸಿದರೆ ಇಳಿದು ಬಾ. ಇಲ್ಲೇ ಇರುತ್ತೇನೆ.

ಚಿಕ್ಕಂದಿನಿಂದ ನಿನ್ನ ಹಿಂದೆಯೇ ಸುತ್ತಿದ
ನಿನ್ನ ಬಾಲ

ತಾ.ಕ.: ನಿನ್ನೆ ಸಂಜೆ ನೀನು ಮುಖ ತೊಳೆಯಲು ಹೋದಾಗ ಭಾವನಿಗೆ ಎಲ್ಲ ಹೇಳಿಬಿಟ್ಟೆ. "ಅಳ್ಬೇಡ, ನಿಮ್ಮಕ್ಕಂಗೆ ನೀನು ಹೇಳೋದು ಬೇಡ. ನಾಳೆ ನಾನೇ ಹೇಳ್ತೀನಿ" ಎಂದರು. ಬೆಳಗಾಗುವಷ್ಟರಲ್ಲಿ ಅವರ ಗಂಟಲಿಗೆ ಉಸಿರಾಟದ ನಳಿಗೆ ಇಳಿಸಿದ್ದರು, ಇನ್ನು ಮಾತಾಡುವಂತಿಲ್ಲ.