ತಂತಿ ಒಂದು ಕಟ್ಟಡದಲ್ಲಿ, ಕತ್ತಿ ಇನ್ನೊಂದರಲ್ಲಿ

ಪ್ರಾಂತ್ಯದ ಆರೋಗ್ಯ ಇಲಾಖೆಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನನ್ನ ಕೈಗೆ ಪೆನ್ನು ಹಿಡಿಸಿದವರು ನೀವು. ನಾನು ಮಾರುಕಟ್ಟೆಯಲ್ಲಿ ಒಣಮೀನು ಮಾರುವ ಮುದುಕಿ, ಐದನೇ ತರಗತಿಗೆ ಶಾಲೆ ಬಿಟ್ಟವಳು. ಬಾಯಲ್ಲಿ ಹೇಳಿದರೆ ಮುಗಿಯುವ ಮಾತಿಗೆ ಈ ವಯಸ್ಸಿನಲ್ಲಿ ಕನ್ನಡಕ ಒರೆಸಿಕೊಂಡು ಕೂರಬೇಕಾಗಿದೆ. ಮೊದಲು ನಿಮ್ಮ ಕಚೇರಿಗೆ ಬಂದು ಬಾಯಲ್ಲೇ ಹೇಳಿದೆ. ಕಿಟಕಿಯ ಹಿಂದಿದ್ದ ಹುಡುಗಿ ಉಗುರು ನೋಡಿಕೊಳ್ಳುತ್ತಾ, "ಬರೆದು ತನ್ನಿ ಅಜ್ಜೀ" ಎಂದಳು. ಬರೆದು ತಂದೆ. "ಇದು ನಮಗೆ ಬರಲ್ಲ, ಆಸ್ಪತ್ರೆಗೆ ಕೊಡಿ" ಎಂದಳು. ಆಸ್ಪತ್ರೆಯವರು "ನಮ್ಮ ಕೈಲೇನಿದೆ, ಮೇಲಿನವರಿಗೆ ಬರೀರಿ" ಎಂದರು. ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ಊರೆಲ್ಲ ಓದಲಿ, ಯಾರಿಗೆ ಬರುತ್ತದೋ ಅವರು ಎತ್ತಿಕೊಳ್ಳಲಿ.

ವಿಷಯ ಇಷ್ಟೇ. ನನ್ನ ತಂಗಿ ಮಲಾಮಾಳ ಎಡ ಸ್ತನದೊಳಗೆ ಒಂದು ಕೆಟ್ಟ ಚುಕ್ಕೆ ಇದೆ. ನಿಮ್ಮವರು ಅದನ್ನು ತೆಗೆಯುತ್ತೇವೆಂದು ಕೊಯ್ದು, ಪಕ್ಕದ ಒಳ್ಳೆಯ ಮಾಂಸ ತೆಗೆದು, ಚುಕ್ಕೆಯನ್ನು ಅಲ್ಲೇ ಬಿಟ್ಟು ಹೊಲಿದರು. ಈಗ ಸ್ತನವನ್ನೇ ಪೂರ್ತಿ ತೆಗೆಯುತ್ತೇವೆ, ಸಹಿ ಹಾಕು ಎನ್ನುತ್ತಿದ್ದಾರೆ. ಮೇಲೆ, ತಪ್ಪೂ ಅವಳದೇ ಅಂತೆ.

ಅದು ಕೈಗೆ ಸಿಗುವ ಗಂಟಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಚರ್ಚಿನ ಬಯಲಿಗೆ ಸ್ತನದ ಚಿತ್ರ ತೆಗೆಯುವ ಗಾಡಿ ಬಂದಿತ್ತು. ಹೆಂಗಸರೆಲ್ಲ ಸಾಲು ನಿಂತು ತೆಗೆಸಿಕೊಂಡೆವು. ನನ್ನದರಲ್ಲಿ ಮುಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಮಲಾಮಾಳ ಚಿತ್ರದಲ್ಲಿ ನಾನು ಮಾರುವ ಪುಟ್ಟ ಕಪೆಂಟ ಮೀನಿನ ಕಣ್ಣಿನಷ್ಟು ಬಿಳಿ ಚುಕ್ಕೆ. ನಾನು ಒತ್ತಿ ನೋಡಿದೆ, ನರ್ಸ್ ಒತ್ತಿ ನೋಡಿದಳು, ಇಬ್ಬರಿಗೂ ಸಿಗಲಿಲ್ಲ. "ಸಿಗದೇ ಇರೋದೇ ಅದೃಷ್ಟ ಅಮ್ಮಾ" ಎಂದರು ಗಾಡಿಯ ಡಾಕ್ಟರು. "ಕೈಗೆ ಸಿಗೋ ಹೊತ್ತಿಗೆ ಬೆಳೆದುಬಿಟ್ಟಿರುತ್ತೆ. ಈಗಲೇ ತೆಗೆದರೆ ಸ್ತನಾನೂ ಉಳಿಯುತ್ತೆ, ಅವರೂ ಉಳೀತಾರೆ." ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕೆಟ್ಟದ್ದೇ ಎಂದು ಬಂತು.

ಕೈಗೆ ಸಿಗದ್ದನ್ನು ಕೊಯ್ಯುವವರು ಹುಡುಕುವುದು ಹೇಗೆ? ಅದಕ್ಕೊಂದು ದಾರಿ ಇದೆ. ಯಂತ್ರದಲ್ಲಿ ಚಿತ್ರ ನೋಡುತ್ತಾ ಚುಕ್ಕೆಯವರೆಗೆ ಕೂದಲಿನಂಥ ತಂತಿ ಇಳಿಸುತ್ತಾರೆ. ಒಳಗಿನ ತುದಿಯಲ್ಲಿ ಸಣ್ಣ ಕೊಕ್ಕೆ, ಹೊರಗಿನ ತುದಿ ಚರ್ಮದ ಮೇಲೆ ಅಂಟುಪಟ್ಟಿಯ ಕೆಳಗೆ. ಸರ್ಜನ್ನರು ಆ ತಂತಿಯ ಜಾಡು ಹಿಡಿದು ಹೋಗಿ ಚುಕ್ಕೆಯನ್ನು ತೆಗೆಯುತ್ತಾರೆ. ನಾವು ಸರೋವರದ ಕಡೆಯವರು, ಗಾಳ ಎಂದರೇನು ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಗಾಳ ಹಾಕಿದವನು ದಾರ ಹಿಡಿದು ಅಲ್ಲೇ ಕೂರುತ್ತಾನೆ ಸ್ವಾಮಿ! ನಿಮ್ಮ ಏರ್ಪಾಡಿನಲ್ಲಿ ತಂತಿ ಹಾಕುವ ಯಂತ್ರ ಹಳೇ ಗಣಿ ಕ್ಲಿನಿಕ್ಕಿನಲ್ಲಿ, ಕೊಯ್ಯುವ ಮೇಜು ದೊಡ್ಡಾಸ್ಪತ್ರೆಯಲ್ಲಿ. ನಡುವೆ ಇಡೀ ಊರು. ಈ ಜಾಣತನ ಯಾರದ್ದು? ಬಾಗಿಲನ್ನು ಒಂದು ಮನೆಗೆ ಇಟ್ಟು ಬೀಗವನ್ನು ಇನ್ನೊಂದು ಮನೆಗೆ ಹಾಕುವವರೂ ಇದ್ದಾರೆಯೇ?

ತಂತಿ ಹಾಕಿಸಿಕೊಂಡವಳನ್ನು ನಾನು ಮಿನಿಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಂಡಕ್ಟರ್ ಹುಡುಗ "ಒತ್ತಿ ಕೂತ್ಕೊಳ್ಳಿ ತಾಯಂದಿರಾ, ನಾಲ್ಕು ಜನದ ಸೀಟು!" ಎಂದು ಕೂಗಿದ. ಅವಳ ಮುಂದೆ ನನ್ನ ಕೈ ಅಡ್ಡ ಇಟ್ಟಿದ್ದೆ.

"ಏನಜ್ಜೀ, ಮೊಟ್ಟೆ ಇದೆಯಾ ಅಲ್ಲಿ?"

"ಹೂಂ ಕಣೋ, ನಿಮ್ಮಜ್ಜಿ ಇಟ್ಟಿದ್ದು. ದೂರ ನಿಲ್ಲು."

ಬಸ್ಸಿಗೆ ಬಸ್ಸೇ ನಕ್ಕಿತು. ಮಲಾಮಾಳೂ ನಕ್ಕಳು, ಮೈ ಅಲ್ಲಾಡಿಸದೆ, ಬರೀ ಬಾಯಲ್ಲಿ.

ಆಸ್ಪತ್ರೆ ತಲುಪಿದರೆ ಬಾಗಿಲಲ್ಲಿದ್ದ ಮನುಷ್ಯ, "ನೀರಿಲ್ಲ, ಇವತ್ತಿನ ಆಪರೇಷನ್ ಮುಗೀತು, ನಾಳೆ ಬನ್ನಿ" ಎಂದ. "ಮತ್ತೆ ಈ ತಂತಿ?" ಎಂದೆ. "ಇರಲಿ ಬಿಡಿ, ಅದೇನು ಓಡಿಹೋಗುತ್ತಾ? ನೀರು ತಾಗಿಸಬೇಡಿ, ಅಷ್ಟೆ." ಅಷ್ಟೆ. ನಿಮ್ಮ ಆಸ್ಪತ್ರೆ ನಮಗೆ ಕೊಟ್ಟ ಸೂಚನೆ ಇದೊಂದೇ. ನೆನಪಿಟ್ಟುಕೊಳ್ಳಿ.

ರೋಗಿಗಳ ಕಡೆಯವರು ಅಡುಗೆ ಮಾಡಿಕೊಳ್ಳುವ ತಗಡಿನ ಚಾವಣಿಯ ಕೆಳಗೆ ಉಳಿದೆವು. ಸಂಜೆ ನಾನು ಜೋಳದ ಹಿಟ್ಟಿನ ನ್ಶಿಮಾ ಮುದ್ದೆ ತಿರುವುತ್ತಿದ್ದೆ. ಪಕ್ಕದಲ್ಲಿ ಒಬ್ಬ ಎಳೆ ತಾಯಿ. ದೊಡ್ಡ ಮಗು ಜ್ವರದಿಂದ ವಾರ್ಡಿನಲ್ಲಿತ್ತು, ಚಿಕ್ಕದನ್ನು ಒಳಗೆ ಬಿಡುತ್ತಿರಲಿಲ್ಲ. ಅದು ಕಿರುಚಿ ಕಿರುಚಿ ನೀಲಿಯಾಗುತ್ತಿತ್ತು. ಮಲಾಮಾ ಎದ್ದಳು. "ಕೊಡು ಇಲ್ಲಿ, ನೀ ಹೋಗಿ ಆ ಮಗೂನ ನೋಡು" ಎಂದಳು.

"ನೀನ್ಯಾಕೇ? ನಾನು ಕಟ್ಕೋತೀನಿ ತಾ" ಎಂದೆ.

"ಒಲೆ ಮುಂದೆ ಕೂತು ಕೂಸು ಕಟ್ಕೋತಾಳಂತೆ! ನಿನ್ನ ಸೊಂಟ ತಡೆಯುತ್ತೇನೇ ಮುದುಕಿ? ಗಾಯ ಇರೋದು ಮುಂದೆ, ಕೂಸು ಇರೋದು ಹಿಂದೆ. ನೀ ಮುದ್ದೆ ನೋಡು, ಸೀಯುತ್ತೆ."

ಸರಿಯಾದ ಮಾತೇ ಅನ್ನಿಸಿತು. ನಮ್ಮಲ್ಲಿ ಯಾವ ಹೆಂಗಸಿಗೂ ಹಾಗೇ ಅನ್ನಿಸುತ್ತಿತ್ತು. ಕೂಸನ್ನು ಬೆನ್ನಿಗೆ ಎಸೆದುಕೊಂಡಳು, ಚಿತೆಂಗೆ ಬಟ್ಟೆಯನ್ನು ಬಲ ಹೆಗಲ ಮೇಲಿಂದ, ಎಡ ಕಂಕುಳ ಕೆಳಗಿಂದ ತಂದು ಮುಂದೆ ಬಿಗಿದು ಗಂಟು ಹಾಕಿದಳು. ಮಗು ಮಲಗಿತು. ಗಂಟು ಕೂತದ್ದು ಆ ಅಂಟುಪಟ್ಟಿಯ ಮೇಲೆಯೇ. ಆ ತಾಯಿ ಬರುವವರೆಗೂ ಕೂಸಿನ ಭಾರವೆಲ್ಲ ಅದನ್ನು ಎಳೆಯುತ್ತಲೇ ಇತ್ತು.

ಮರುದಿನ ಸರ್ಜನ್ನರು ತಂತಿ ಹೋದ ಕಡೆ ಹೋದರು. ಅವರನ್ನು ನಾನು ಬೈಯುವುದಿಲ್ಲ. ಕೊಯ್ದ ತುಂಡಿನಲ್ಲಿ ಚುಕ್ಕೆ ಬಂದಿದೆಯೇ ಎಂದು ಹೊಲಿಯುವ ಮುಂಚೆ ಅದರ ಚಿತ್ರ ತೆಗೆದು ನೋಡಬೇಕಂತೆ. ಯಂತ್ರ ಎಲ್ಲಿದೆ? ಊರಿನ ಆ ತುದಿಯಲ್ಲಿ. ನೋಡದೆ ಹೊಲಿದರು. ವಾರಗಳಾದ ಮೇಲೆ ವರದಿ ಬಂತು: ತುಂಡಿನಲ್ಲಿ ಇದ್ದದ್ದು ಆರೋಗ್ಯವಂತ ಮಾಂಸ. ಮತ್ತೆ ಚಿತ್ರ ತೆಗೆದರೆ ಚುಕ್ಕೆ ತನ್ನ ಜಾಗದಲ್ಲಿ ಹಾಯಾಗಿ ಕೂತಿದೆ.

ಕೂಸು ಕಟ್ಟಿಕೊಂಡದ್ದನ್ನೂ ಮುಚ್ಚಿಡದೆ ದೂರು ಕೊಟ್ಟದ್ದಕ್ಕೆ ಆಸ್ಪತ್ರೆಯಿಂದ ಒಂದು ಸಾಲಿನ ಉತ್ತರ: ರೋಗಿಯು ಸೂಚನೆ ಮೀರಿ ಭಾರ ಹೊತ್ತಿದ್ದರಿಂದ ಗುರುತು ಸ್ಥಳಾಂತರಗೊಂಡಿದೆ. ಭಾರ! ಅಳುವ ಕೂಸಿಗೆ ನಿಮ್ಮ ಭಾಷೆಯಲ್ಲಿ ಇಟ್ಟ ಹೆಸರು ಇದು. ಮಾನ್ಯರೇ, ನೀವೇನು ಕುರ್ಚಿಯ ಮೇಲೆಯೇ ಹುಟ್ಟಿದಿರೋ? ನಿಮ್ಮನ್ನೂ ಯಾವಳೋ ಒಬ್ಬಳು ಬೆನ್ನಿಗೆ ಕಟ್ಟಿಕೊಂಡು ಜೋಳ ಕುಟ್ಟಿರಲಿಲ್ಲವೇ? ಕೂಸು ಅಳುತ್ತಿರುವಾಗ ಬೆನ್ನು ಖಾಲಿ ಇಟ್ಟುಕೊಂಡು ಕೂರುವ ಹೆಂಗಸು ಈ ದೇಶದಲ್ಲಿ ಎಲ್ಲಿದ್ದಾಳೆ, ತೋರಿಸಿ. ಅವಳು ಹಾಗೆ ಮಾಡೇ ಮಾಡುತ್ತಾಳೆ ಎಂದು ಗೊತ್ತಿದ್ದೂ ಎದೆಯಲ್ಲಿ ತಂತಿ ನೆಟ್ಟು ಹೊರಗೆ ಕಳಿಸಿದವರದ್ದು ತಪ್ಪಲ್ಲ, ಅಳು ಕೇಳಿಸಿಕೊಂಡವಳದ್ದು ತಪ್ಪು!

ಈಗ ಪರಿಹಾರವಂತೆ: ಪೂರ್ತಿ ತೆಗೆದುಬಿಟ್ಟರೆ ಹುಡುಕುವ ಕಷ್ಟವೇ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೆ. ಕೊಯ್ಯುವವರಿಗೆ ನೆಗಡಿ ಬಂದರೆ ನಮ್ಮ ಮೂಗು ಹೋಗುತ್ತದೆಂದು ಈಗ ತಿಳಿಯಿತು. ಪೂರ್ತಿ ತೆಗೆಸಿಕೊಂಡು ಗಟ್ಟಿಯಾಗಿ ಬದುಕುತ್ತಿರುವವರು ನಮ್ಮ ಮಾರುಕಟ್ಟೆಯಲ್ಲೇ ಇದ್ದಾರೆ. ಕಾಯಿಲೆ ಕೇಳಿದರೆ ಕೊಡಲೇಬೇಕು. ಇಲ್ಲಿ ಕೇಳುತ್ತಿರುವುದು ಕಾಯಿಲೆಯಲ್ಲ.

ಮಲಾಮಾ ಸಹಿ ಹಾಕಲು ಹೊರಟಿದ್ದಳು. "ತೆಗೆದುಬಿಡ್ಲಿ ಬಿಡಕ್ಕಾ" ಎಂದಳು. "ಮತ್ತೆ ತಂತಿ, ಮತ್ತೆ ಬಸ್ಸು, ಮತ್ತೆ ನಾಳೆ ಬನ್ನಿ. ನನ್ನ ಕೈಲಾಗಲ್ಲ."

"ಹೆದರಿದೀಯೇನೇ?"

"ಹೆದರಿಕೆ ಎಲ್ಲೀದು. ಸಾಕಾಗಿದೆ."

"ಕಾಯಿಲೆಗೆ ಅಂತ ಕೊಡೋದಾದ್ರೆ ಕೊಡು, ನಾನೇ ಕೈ ಹಿಡ್ಕೊಂಡು ಬರ್ತೀನಿ. ಬಸ್ಸಿಗೆ ಅಂತ ಕೊಡಬೇಡ."

ಸಹಿಯ ಕಾಗದವನ್ನು ಮಡಚಿಟ್ಟಳು. ಆಮೇಲೆ, "ಹಾಗಾದ್ರೆ ನೀನೇ ಬರಿ. ನನಗೆ ಅವರ ಹತ್ತಿರ ಮಾತಾಡೋ ಶಕ್ತಿ ಇಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸಹಿ ಇನ್ನೂ ಹಾಕಿಲ್ಲ.

ಚುಕ್ಕೆ ಇನ್ನೂ ಚಿಕ್ಕದೇ ಇದೆ, ಸರಿಯಾಗಿ ಗುರುತು ಹಾಕಿದರೆ ಅದೊಂದನ್ನೇ ತೆಗೆಯಬಹುದು ಎಂದು ಸರ್ಜನ್ನರೇ ನನ್ನ ಮುಂದೆ ಒಪ್ಪಿದ್ದಾರೆ. ದೂರದ ದೇಶಗಳಲ್ಲಿ ತಂತಿಯ ಬದಲು ಅಕ್ಕಿಕಾಳಿನಂಥ ಗುರುತು ಇಡುತ್ತಾರಂತೆ, ದಿನಗಟ್ಟಲೆ ಕದಲುವುದಿಲ್ಲವಂತೆ. ಅದನ್ನು ನಾನು ಕೇಳುತ್ತಿಲ್ಲ, ತಂತಿಯೇ ಸಾಕು. ತಂತಿ ಹಾಕಿದ ಬೆಳಿಗ್ಗೆಯೇ ಮೊದಲನೆಯವಳಾಗಿ ಅವಳನ್ನು ಮೇಜಿಗೆ ತೆಗೆದುಕೊಳ್ಳಬೇಕು. ಕ್ಲಿನಿಕ್ಕಿನಿಂದ ಆಸ್ಪತ್ರೆಗೆ ಅವಳನ್ನು ಮಲಗಿಸಿ ಕರೆದೊಯ್ಯಲು ಗಾಡಿ ಬೇಕು. ನಿಮ್ಮ ಅಂಗಳದ ಮಾವಿನ ಮರದ ಕೆಳಗೆ ಎರಡು ನಿಂತಿರುವುದನ್ನು ನೋಡಿದ್ದೇನೆ. ತುಂಡನ್ನು ಅದೇ ಗಾಡಿಯಲ್ಲಿ ಕ್ಲಿನಿಕ್ಕಿಗೆ ಕಳಿಸಿ ಚಿತ್ರ ತೆಗೆಸಿ, ಚುಕ್ಕೆ ಬಂದಿದೆ ಎಂದಾದ ಮೇಲೆಯೇ ಹೊಲಿಯಬೇಕು. ಇನ್ನು ಮುಂದೆ ಬರುವ ಪ್ರತಿ ಹೆಂಗಸಿಗೂ ಇದೇ ಆಗಬೇಕು.

ಪೂರ್ತಿ ತೆಗೆಯಲು ನೀವು ಗೊತ್ತುಮಾಡಿರುವ ದಿನ ಜೂನ್ ಇಪ್ಪತ್ತು. ನಾನು ಕೇಳಿದ್ದು ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲೊಂದು ಬರೆದು ಕಳಿಸಿ. ಜೂನ್ ಹದಿನಾಲ್ಕರೊಳಗೆ ಉತ್ತರ ಬೇಕು.

ಇಂತಿ,
ನಿಮ್ಮ ಕಡತದಲ್ಲಿ ಹೆಸರಿಲ್ಲದೆ 'ರೋಗಿಯ ಕಡೆಯವರು' ಎಂದಷ್ಟೇ ಇರುವ
ಬನಾ ಲೊಂಬೆ, ಅಂದರೆ ಲೊಂಬೆಯ ತಾಯಿ,
ಮಲಾಮಾಳ ಅಕ್ಕ