ನೂಲಿನಲ್ಲಿ ಬಿದ್ದ ಗಂಟು

ಅಪ್ಪಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ನಿನ್ನ ತಕಲಿ ಹಿಡಿದು ಕೂತಿದ್ದೇನೆ ಎಂದರೆ ನಗುತ್ತೀಯ. ಕಲಿಸಿಕೊಡುತ್ತೇನೆ ಬಾ ಎಂದು ನೀನು ಕರೆದಾಗೆಲ್ಲ ಓಡಿಹೋಗುತ್ತಿದ್ದವಳು ನಾನೇ. ಈಗ ಕಲಿಯುತ್ತಿರುವುದು ಆಸೆಯಿಂದಲ್ಲ, ಹೆದರಿಕೆಯಿಂದ. ಯಾಕೆಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಕಾಗದನಗರದ ಕ್ವಾರ್ಟರ್ಸಿನ ಜಗಲಿಯಲ್ಲಿ ನೀನು ನೂಲಲು ಕೂರುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಮಿಲ್ಲಿನ ಮೊದಲ ಪಾಳಿ ಮುಗಿಸಿ, ಸ್ನಾನ ಮಾಡಿ, ಬಟ್ಟೆಯ ಸಿಂಬೆಯ ಮೇಲೆ ತೆಂಗಿನ ಚಿಪ್ಪು ಇಟ್ಟು, ಅದರೊಳಗೆ ತಕಲಿಯ ಮೊನೆ ಊರಿ, ಬೆರಳಿನಿಂದ ಒಮ್ಮೆ ತಿರುಗಿಸಿಬಿಡುತ್ತಿದ್ದೆ. ಎಡಗೈಯ ಹತ್ತಿಯಿಂದ ಎಳೆ ತಾನೇ ಮೇಲೇಳುತ್ತಿತ್ತು. ನೂಲ ಹುಣ್ಣಿಮೆಗೆ ಮನೆಯ ಗಂಡಸರಿಗೆಲ್ಲ ನೀನು ನೂತ ಜನಿವಾರವೇ ಆಗಬೇಕು, ಅಂಗಡಿಯದು ಹೊಸಲು ದಾಟುತ್ತಿರಲಿಲ್ಲ. "ಅಲ್ಲಿ ಪೇಪರ್ ಹರಿಯದ ಹಾಗೆ ಎಂಟು ಗಂಟೆ ಮಿಷನ್ ಕಾಯ್ತೀನಿ, ಇಲ್ಲಿ ನೂಲು ಹರಿಯದ ಹಾಗೆ ಕಾಯ್ತೀನಿ. ಎರಡೂ ಒಂದೇ ಕೆಲ್ಸ ಕಣೇ" ಎನ್ನುತ್ತಿದ್ದೆ.

ಆ ನೂಲಿನಲ್ಲಿ ಮೊದಲು ಗಂಟು ಬಿದ್ದ ವರ್ಷ ನೆನಪಿದೆಯಾ? ಒಂದು ಕಡೆ ದಪ್ಪ, ಒಂದು ಕಡೆ ಕೂದಲಿನಷ್ಟು ಸಣ್ಣ, ಆಮೇಲೆ ಪಟ್ಟನೆ ಹರಿಯುವುದು. ಈ ಸಲದ ಹತ್ತಿಯೇ ಸರಿಯಿಲ್ಲ ಎಂದೆ ನೀನು. ನಾನೂ ಹೂಂಗುಟ್ಟಿದೆ. ಸಾಲದೆಂದು ಭದ್ರಾವತಿ ಬಜಾರಿನ ಹಾಸಿಗೆ ಅಂಗಡಿಗೆ ಹೋಗಿ, ಹತ್ತಿ ಕೊಟ್ಟಿದ್ದ ಕರೀಂ ಸಾಬರ ಮೇಲೆ ರೇಗಾಡಿ ಬಂದೆ. ನೀನು ಮೂರು ಸಲ ವಾಪಸು ಒಯ್ದೆ, ಮೂರು ಸಲವೂ ಪಾಪ ಎದುರಾಡದೆ ಬದಲಾಯಿಸಿ ಕೊಟ್ಟರು. ಎರಡು ವರ್ಷ ಕಳೆದು ಡಾಕ್ಟರು ನಿನ್ನ ಕೈನಡುಕ ನೋಡಿ ಪಾರ್ಕಿನ್ಸನ್ ಎಂದಾಗಲೂ ನನಗೆ ಆ ಗಂಟುಗಳು ನೆನಪಾಗಲಿಲ್ಲ.

ಈ ಯುಗಾದಿಯ ಮಾರನೆಯ ವಾರ, ಶಿವಮೊಗ್ಗದಲ್ಲಿ, ನನ್ನ ಲ್ಯಾಬಿನಲ್ಲಿ... ಇಪ್ಪತ್ತೆರಡು ವರ್ಷದಿಂದ ಅಲ್ಲಿ ರಕ್ತ ತೆಗೆಯುತ್ತಿದ್ದೇನೆ, ನನ್ನ ಮಗಳು ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ನೀನೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಗಾಜನೂರಿನ ಅಜ್ಜಿಯೊಬ್ಬರ ತೋಳಿಗೆ ಪಟ್ಟಿ ಬಿಗಿದು ಸೂಜಿ ಹಿಡಿದೆ. ಮೊನೆ ಅಲುಗಿತು. ನಾನು ಅಲುಗಿಸಿರಲಿಲ್ಲ ಅಪ್ಪಾ.

"ಯಾಕ್ ಮಗಾ, ನಂಗಿಂತ ನಿಂಗೇ ಹೆದ್ರಿಕೆ ಆದಂಗಿದೆಯಲ್ಲ" ಎಂದು ಅಜ್ಜಿ ನಕ್ಕರು. ಎರಡನೇ ಸಲ ಚುಚ್ಚಬೇಕಾಯಿತು. ಅವರ ತೋಳು ನೀಲಿಗಟ್ಟಿತು. ಕಾಫಿ ಹೆಚ್ಚಾಗಿರಬೇಕು ಎಂದುಕೊಂಡೆ, ನಿದ್ದೆ ಸಾಲದು ಎಂದುಕೊಂಡೆ.

ಅವತ್ತು ಮನೆಗೆ ಬರುವ ದಾರಿಯಲ್ಲಿ ನಿನ್ನ ತಕಲಿ ನೆನಪಾಯಿತು. ನಿನಗೆ ಎಲ್ಲರಿಗಿಂತ ಮೊದಲು ಸುದ್ದಿ ಕೊಟ್ಟದ್ದು ಅದೇ ಅಲ್ಲವೇ? ಭಾನುವಾರ ಭದ್ರಾವತಿಗೆ ಹೋಗಿ ಕರೀಂ ಸಾಬರನ್ನೇ ಹತ್ತಿ ಕೇಳಿದೆ. ಅವತ್ತಿನ ಹತ್ತಿ ನಿಜವಾಗಿ ಕೆಟ್ಟಿತ್ತಾ ಎಂದೂ ಕೇಳಿದೆ. ಅವರು ತುಂಬ ಹೊತ್ತು ತಕ್ಕಡಿ ಒರೆಸಿದರು.

"ಒಂದೇ ಮೂಟೆದಮ್ಮ ಅದು. ಮೂರು ಸಲಾನೂ ಅದೇ ಹತ್ತಿ ಕೊಟ್ಟೆ. ಚೀಲ ಹಿಡಿದಿದ್ದ ರಾಯ್ರ ಕೈ ನೋಡಿದ್ನಲ್ಲ... ದೊಡ್ಡೋರಿಗೆ ಹೆಂಗೆ ಹೇಳ್ಲಿ?"

ಆವತ್ತಿನ ರೇಗಾಟಕ್ಕೆ ಅಲ್ಲೇ ಕ್ಷಮೆ ಕೇಳಿದೆ, ನಿನ್ನ ಪರವಾಗಿಯೂ.

ಆರು ವಾರದಿಂದ ದಿನಾ ಸಂಜೆ ನೂಲುತ್ತಿದ್ದೇನೆ. ಮೊದಲು ಗೇಣುದ್ದಕ್ಕೇ ಹರಿಯುತ್ತಿತ್ತು. ನಾಲ್ಕನೇ ವಾರ ಒಂದು ಮೊಳ ನುಣುಪಾದ ಎಳೆ ಬಂದಾಗ ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ಐದನೇ ವಾರ ಮತ್ತೆ ಗಂಟು. ಇದು ಕಲಿಯುವವಳ ಗಂಟೋ, ನಿನ್ನ ಗಂಟೋ? ನಿನ್ನ ತಕಲಿಯಲ್ಲಿ ಉಳಿದಿದ್ದ ಕೊನೆಯ ನೂಲನ್ನೂ ನನ್ನದನ್ನೂ ಕಪ್ಪು ಬಟ್ಟೆಯ ಮೇಲೆ ಜೊತೆಗಿಟ್ಟು ನೋಡಿದೆ. ಯಾವುದು ಯಾರದೆಂದು ಹೇಳಲಾಗಲಿಲ್ಲ.

ನಿನ್ನ ಹತ್ತಿಯ ಡಬ್ಬಿಯ ತಳ ಕೆರೆದಾಗ ಇನ್ನೊಂದು ವಸ್ತು ಸಿಕ್ಕಿತು. ಅಂಗಡಿಯ ಜನಿವಾರದ ಖಾಲಿ ಪ್ಯಾಕೆಟ್ಟು, ಮೇಲೆ ಗಂಟು ಬಿದ್ದ ವರ್ಷದ್ದೇ ತಾರೀಖು. ಅಂದರೆ ಆ ಹುಣ್ಣಿಮೆಗೆ ಎಲ್ಲರಿಗೂ ನೀನು ಕೊಟ್ಟದ್ದು... ನಿನಗೆ ಗೊತ್ತಿತ್ತು. ಡಾಕ್ಟರು ಹೇಳುವುದಕ್ಕೆ ಎರಡು ವರ್ಷ ಮೊದಲೇ ಗೊತ್ತಿತ್ತು. ಕೋಪ ಬಂತು ಅಪ್ಪಾ, ತುಂಬ ಕೋಪ ಬಂತು. ದಿನಾ ಹತ್ತಾರು ಜನರ ಕೈ ಹಿಡಿಯುವ ಮಗಳು ನಾನು, ನನಗೊಂದು ಮಾತು ಹೇಳಬಾರದಿತ್ತೇ? ಆಮೇಲೆ ಕೋಪ ನನ್ನ ಕಡೆಗೇ ತಿರುಗಿತು. ಕರೀಂ ಸಾಬರ ಕಣ್ಣಿಗೆ ಬಿದ್ದ ಕೈ ನನ್ನ ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು. ಹತ್ತಿಯನ್ನು ಬೈಯುವುದು ಸುಲಭವಾಗಿತ್ತು.

ನಿನ್ನೆ ಸಂಜೆ ಸಹನಾ ಶಂಕರಘಟ್ಟದಿಂದ ಕ್ಲಾಸು ಮುಗಿಸಿ ಬಸ್ಸಿಳಿದು ಬಂದಾಗ ನಾನು ನೂಲುತ್ತಿದ್ದೆ. ನಿನ್ನ ಮೊಮ್ಮಗಳು ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಎಳೆ ಹರಿಯಿತು. "ಈ ಚಿಪ್ಪು ಸರಿಯಾಗಿ ಕೂರ್ತಾನೇ ಇಲ್ಲ ನೋಡೇ" ಎಂದೆ.

ಅವಳು ಬ್ಯಾಗು ಕೆಳಗಿಟ್ಟು, ನನ್ನೆದುರು ಕುಕ್ಕರಗಾಲಲ್ಲಿ ಕೂತು, ಚಿಪ್ಪನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ತಿರುಗ್ಸು."

ತಿರುಗಿಸಿದೆ. ಮತ್ತೆ ಹರಿಯಿತು.

"ಚಿಪ್ಪಲ್ಲಮ್ಮ. ನಿನ್ ಕೈ. ಯುಗಾದಿಯಿಂದ ನೋಡ್ತಾ ಇದೀನಿ, ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."

ನಾನು ಅತ್ತೆ. ಅವಳು ಚಿಪ್ಪು ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಲ್ಯಾಬಿನ ಮೇಡಂಗೆ ಎಲ್ಲ ಹೇಳಿದೆ. ಸೂಜಿ ಕೆಳಗಿಟ್ಟಿದ್ದೇನೆ, ಸದ್ಯಕ್ಕೆ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ. ಇನ್ನು ಯಾವ ಅಜ್ಜಿಯ ತೋಳೂ ನನ್ನಿಂದ ನೀಲಿಗಟ್ಟುವುದಿಲ್ಲ. ಸೋಮವಾರ ನರದ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಏನೂ ಇಲ್ಲ ಎನ್ನಬಹುದು, ಅಥವಾ... ನಿನ್ನ ನೂಲನ್ನೂ ನನ್ನದನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ತೋರಿಸಲಿಕ್ಕೆ.

ಹೆದರಿಕೆ ಇದೆ. ಸಹನಾ ರಜೆ ಹಾಕಿ ಜೊತೆಗೆ ಬರುತ್ತಾಳೆ. ನಿನಗೆ ಆ ಎರಡು ವರ್ಷ ಯಾರು ಜೊತೆಗಿದ್ದರು, ಅಪ್ಪಾ?

ನಿನ್ನ ಮಗಳು